ಪಾತ್ರಾಂತರ ಮತ್ತು ನೆಮ್ಮದಿ: ಮಾನ್ವಿ–ದೇವದುರ್ಗ ಪರಿಸರದ ದಾಸಕಥನಗಳ ಒಂದು ವಿವೇಚನೆ

ನಿತ್ಯದ ಬದುಕಿನಲ್ಲಿ ವ್ಯಕ್ತಿಯು ಏಕಕಾಲಕ್ಕೆ ಹಲವು ಪಾತ್ರಗಳನ್ನು ನಿರ್ವಹಿಸುತ್ತಾನೆ. ಮನೆಯಲ್ಲಿ ಮಗ ಇಲ್ಲವೆ ಯಜಮಾನ, ಹೊಲದಲ್ಲಿ ಒಡೆಯ ಇಲ್ಲವೆ ಆಳು, ಊರಿನಲ್ಲಿ ಪಂಡಿತ ಇಲ್ಲವೆ ಸಾಲಗಾರ. ಈ ಪಾತ್ರಗಳನ್ನು ಸರಿಯಾಗಿ ನಿಭಾಯಿಸುವುದರಲ್ಲಿ ಸುಖವಿದೆಯೋ, ಅವುಗಳಿಂದ ಬಿಡಿಸಿಕೊಳ್ಳುವುದರಲ್ಲಿ ಸುಖವಿದೆಯೋ ಎಂಬ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳು ತತ್ವದ ಭಾಷೆಯಲ್ಲಿ ಚರ್ಚಿಸಿವೆ. ಜನಸಮುದಾಯಗಳು ಅದೇ ಪ್ರಶ್ನೆಯನ್ನು ಕಥನದ ಮೂಲಕ ಕೇಳಿಕೊಂಡಿವೆ. ರಾಯಚೂರು ಸೀಮೆಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಸಾಗಿ ಬರುತ್ತಿರುವ ಹರಿದಾಸರ ಐತಿಹ್ಯಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

ಹದಿನೆಂಟನೆಯ ಶತಮಾನದ ದಾಸಪರಂಪರೆಯ ಮೂವರು ಪ್ರಮುಖರು ಈ ಕಿರಿದಾದ ಭೂಭಾಗದವರು. ವಿಜಯದಾಸರು (1682–1755) ಮಾನ್ವಿ ತಾಲೂಕಿನ, ತುಂಗಭದ್ರೆಯ ದಡದ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರು (1722–1762) ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಜಗನ್ನಾಥದಾಸರು (1728–1809) ಮಾನ್ವಿ ಪರಿಸರದ ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲೆಸಿದವರು. ಸಾಮಾನ್ಯವಾಗಿ ಅಂಗೀಕೃತವಾದ ಕಾಲಮಾನವಿದು. ಸಾಹಿತ್ಯ ಚರಿತ್ರೆಯು ಇವರ ಕೃತಿಗಳ ಬಗೆಗೆ ಸಾಕಷ್ಟು ಹೇಳಿದೆ. ಆದರೆ ಇವರ ಸುತ್ತ ಬೆಳೆದ ಐತಿಹ್ಯಗಳನ್ನು ಭಕ್ತರು ಪವಾಡಗಳೆಂದು ನಂಬಿ, ವಿದ್ವಾಂಸರು ಚರಿತ್ರೆಗೆ ಒದಗದ ಸಾಮಗ್ರಿಯೆಂದು ಬದಿಗಿಟ್ಟು, ಈರ್ವರೂ ಅವುಗಳ ಸಾಮಾಜಿಕ ಅರ್ಥವನ್ನು ಗಮನಿಸದೆ ಹೋದದ್ದೇ ಹೆಚ್ಚು.

ಪ್ರಸಿದ್ಧವಾದ ಐತಿಹ್ಯವಿದು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಮಾನ್ವಿಗೆ ಬಂದ ವಿಜಯದಾಸರು ಅವರನ್ನು ಊಟಕ್ಕೆ ಆಹ್ವಾನಿಸುತ್ತಾರೆ. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲದ ಆಚಾರ್ಯರು ಹೊಟ್ಟೆನೋವಿನ ನೆಪ ಹೇಳುತ್ತಾರೆ. ನೆಪವೇ ನಿಜವಾಗಿ ವ್ಯಾಧಿ ಬಾಧಿಸುತ್ತದೆ. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ ವಿಜಯದಾಸರ ಬಳಿಗೆ ಹೋಗಬೇಕೆಂಬ ಸೂಚನೆ ದೊರೆಯುತ್ತದೆ. ವಿಜಯದಾಸರು ಗೋಪಾಲದಾಸರ ಬಳಿಗೆ ಕಳುಹಿಸುತ್ತಾರೆ. ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸುತ್ತಾರೆ. ಅನಂತರ ಆಚಾರ್ಯರು ಪಂಢರಪುರದಲ್ಲಿ ‘ಜಗನ್ನಾಥವಿಠಲ’ ಅಂಕಿತ ಪಡೆದು ದಾಸರಾಗುತ್ತಾರೆ.

ಅಹಂಕಾರಕ್ಕೆ ಶಿಕ್ಷೆ, ಶರಣಾಗತಿಗೆ ರಕ್ಷೆ ಎಂಬುದು ಈ ಕಥೆಗೆ ರೂಢಿಯಲ್ಲಿರುವ ವ್ಯಾಖ್ಯಾನ. ಈ ವ್ಯಾಖ್ಯಾನ ತಪ್ಪಲ್ಲವಾದರೂ ಅಪೂರ್ಣ. ಕಥೆಯ ವಿವರಗಳೆಲ್ಲವೂ ಅನ್ನದ ಸುತ್ತ ಹೆಣೆದುಕೊಂಡಿರುವುದು ಗಮನಾರ್ಹ. ಅಪರಾಧ ನಡೆಯುವುದು ಊಟದ ಕರೆಯನ್ನು ನಿರಾಕರಿಸಿದಲ್ಲಿ. ರೋಗ ತಗಲುವುದು ಹೊಟ್ಟೆಗೆ. ಕೆಲವು ಪಾಠಗಳ ಪ್ರಕಾರ ಆಯುಷ್ಯವು ದಾನವಾಗಿ ಬರುವುದು ಜೋಳದ ರೊಟ್ಟಿಯ ಮೂಲಕ. ಮೃಷ್ಟಾನ್ನದ ಪಂಕ್ತಿಯನ್ನು ಒಲ್ಲೆನೆಂದ ಪಂಡಿತನು ಈ ನೆಲದ ಬಡವರ ನಿತ್ಯದ ಆಹಾರದಿಂದ ಬದುಕುತ್ತಾನೆ. ಪಾಂಡಿತ್ಯವು ಇಲ್ಲಿ ದೋಷವಲ್ಲ. ಪಂಡಿತನ ಪಾತ್ರವು ಯಾರೊಡನೆ ಕುಳಿತು ಉಣ್ಣಬೇಕು, ಯಾರೊಡನೆ ಉಣ್ಣಬಾರದು ಎಂದು ವಿಧಿಸುವ ಗೆರೆಯೇ ದೋಷ. ಆ ಗೆರೆ ಅವನನ್ನು ಕಾಪಾಡುವ ಬದಲು ಉಣ್ಣುವ ಸಾಮಾನ್ಯ ಸುಖದಿಂದಲೇ ವಂಚಿಸುತ್ತದೆ.

ನಲವತ್ತು ವರ್ಷಗಳ ಲೆಕ್ಕವೂ ವಿಚಾರಾರ್ಹ. ಗೋಪಾಲದಾಸರು ನಲವತ್ತರ ಹರೆಯದಲ್ಲಿ ತೀರಿಕೊಂಡರು. ಜಗನ್ನಾಥದಾಸರು ಎಂಬತ್ತು ದಾಟಿ ಬದುಕಿದರು. ಈ ವ್ಯತ್ಯಾಸಕ್ಕೆ ಜನಮನ ಕಂಡುಕೊಂಡ ವಿವರಣೆ ಈ ದಾನದ ಕಥೆಯಾಗಿರಬಹುದು. ಹಾಗಿದ್ದರೂ ಅದರ ಆಶಯ ಸಣ್ಣದಲ್ಲ. ಬಾಲ್ಯದಿಂದ ಬಡತನ ಉಂಡ, ಜ್ಯೋತಿಷ್ಯ ಹೇಳಿ ಸಂಸಾರ ಸಾಗಿಸಿದನೆಂದು ಪರಂಪರೆ ನೆನೆಯುವ ವ್ಯಕ್ತಿಯೇ ಇಲ್ಲಿ ದಾನಿ. ವಿದ್ಯೆ, ಮನ್ನಣೆಗಳಿದ್ದ ಪಂಡಿತನೇ ಯಾಚಕ. ಕೊಡುವವನ ಪಾತ್ರದಲ್ಲಿ ಭದ್ರವಾಗಿ ಕುಳಿತಿದ್ದವನು ಪಡೆಯುವವನ ಪಾತ್ರವನ್ನು ಒಪ್ಪಿಕೊಂಡಾಗ ಅವನ ಬದುಕಿನ ಉತ್ತರಾರ್ಧ ಆರಂಭವಾಗುತ್ತದೆ. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಮನೆಮನೆಯ ಬಾಗಿಲಲ್ಲಿ ಮಧುಕರ ವೃತ್ತಿಯಿಂದ ಬದುಕುವ ದಾಸನ ವೇಷವೂ ಒಂದು ಪಾತ್ರವೇ. ಆದ್ದರಿಂದ ಈ ಕಥನವು ಹೇಳುವುದು ಪಾತ್ರವಿಮೋಚನೆಯನ್ನಲ್ಲ, ಪಾತ್ರಾಂತರವನ್ನು. ಸುಖವು ಪಾತ್ರಗಳಾಚೆಗಿನ ಶೂನ್ಯದಲ್ಲಿಲ್ಲ. ಬೇರೆಯವರ ಬಾಗಿಲಲ್ಲಿ ನಿಲ್ಲಲು ಅನುವು ಮಾಡುವ ಪಾತ್ರದಲ್ಲಿದೆ ಎಂಬುದು ಇದರ ನಿಲುವು.

ಜಗನ್ನಾಥದಾಸರ ‘ಹರಿಕಥಾಮೃತಸಾರ’ವನ್ನು ಈ ಐತಿಹ್ಯದ ಬೆಳಕಿನಲ್ಲಿ ನೋಡಿದರೆ ಹೊಸ ಸಂಬಂಧ ಕಾಣುತ್ತದೆ. ಭಾಮಿನಿ ಷಟ್ಪದಿಯ ಈ ಕೃತಿಯಲ್ಲಿ ‘ಭೋಜನರಸವಿಭಾಗ ಸಂಧಿ’ ಎಂಬ ಭಾಗವೇ ಇದೆ. ಅನ್ನ, ಹಾಲು, ತುಪ್ಪಗಳಂಥ ಪದಾರ್ಥಗಳಲ್ಲಿ ಭಗವದ್ರೂಪಗಳನ್ನು ಚಿಂತಿಸುವ ಕ್ರಮವನ್ನು ಅದು ನಿರೂಪಿಸುತ್ತದೆ. ಊಟ ನಿರಾಕರಿಸಿದನೆಂದು ಕಥೆ ಹೇಳುವ ಕವಿಯೇ ಊಟವನ್ನು ಉಪಾಸನೆಯ ಮಟ್ಟಕ್ಕೆ ಏರಿಸಿದ್ದಾನೆ. ಕನ್ನಡದ ಬಗೆಗಿನ ಉದಾಸೀನದಿಂದ ಆರಂಭವಾದ ಕಥೆ, ಸಂಸ್ಕೃತದಲ್ಲಿ ವ್ಯಾಖ್ಯಾನ ಪಡೆದ ಕನ್ನಡ ಕೃತಿಯಲ್ಲಿ ಕೊನೆಗೊಂಡದ್ದೂ ಅರ್ಥಪೂರ್ಣ.

ಆದರೆ ಇಷ್ಟರಿಂದ ವಿವೇಚನೆ ಮುಗಿಯುವುದಿಲ್ಲ. ಪಾತ್ರವನ್ನು ಬದಲಿಸಿಕೊಳ್ಳುವ ಅವಕಾಶ ಯಾರಿಗಿತ್ತು? ಪಾಂಡಿತ್ಯವಿದ್ದವನು ಭಿಕ್ಷೆಗೆ ನಿಂತರೆ ಅದು ವೈರಾಗ್ಯ. ಏನೂ ಇಲ್ಲದವನು ನಿಂತರೆ ಅದು ದಾರಿದ್ರ್ಯ. ಅದೇ ತಾಲೂಕುಗಳ ಹೊಲಗಳಲ್ಲಿ ಕಳೆ ಕಿತ್ತವರಿಗೆ, ಹತ್ತಿ ಬಿಡಿಸಿದವರಿಗೆ, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತವರಿಗೆ ಈ ಕಥನ ಚಕ್ರದಲ್ಲಿ ಹೆಸರಿಲ್ಲ. ವಿಜಯದಾಸರ ಪಂಕ್ತಿಗೆ ಅಡುಗೆ ಮಾಡಿದವರಾರು ಎಂದು ಕಥೆ ಕೇಳುವುದಿಲ್ಲ. ಸಂಕಟ ತಾಳದೆ ಮಗುವಿನೊಡನೆ ಬಾವಿಗೆ ಬೀಳಹೊರಟ ತಾಯಿಯನ್ನು ವಿಜಯದಾಸರು ತಡೆದು ಆಶ್ರಯವಿತ್ತರೆಂಬ ಇನ್ನೊಂದು ಐತಿಹ್ಯದಲ್ಲಿ ಮಗು ಮುಂದೆ ಮೋಹನದಾಸನಾಗಿ ಅಂಕಿತ ಪಡೆಯುತ್ತದೆ. ತಾಯಿ ಕಥೆಯ ಅಂಚಿಗೆ ಸರಿಯುತ್ತಾಳೆ. ಗೋಪಾಲದಾಸರು ಹೆಳವನಕಟ್ಟೆ ಗಿರಿಯಮ್ಮನಿಗೆ ಅಂಕಿತವಿತ್ತರೆಂಬ ಪ್ರತೀತಿಯು ಈ ಕೊರತೆಗೆ ಒಂದು ಅಪವಾದ. ಗೃಹಿಣಿಯ ಪಾತ್ರವನ್ನು ತೊರೆದು ಹೋಗಲಾಗದ ಹೆಣ್ಣು ಹಾಡಿನೊಳಗೆ ಮತ್ತೊಂದು ಪಾತ್ರವನ್ನು ಕಟ್ಟಿಕೊಂಡ ಬಗೆಯನ್ನು ‘ಚಂದ್ರಹಾಸನ ಕಥೆ’ಯಂಥ ಅವಳ ಕೃತಿಗಳು ತೋರುತ್ತವೆ.

ಇದೇ ಸೀಮೆಯ ಅಲಾಯಿ ಹಬ್ಬದೊಡನೆ ಹೋಲಿಸಿದರೆ ಈ ವಿಚಾರ ಸ್ಪಷ್ಟವಾಗುತ್ತದೆ. ಮೊಹರಮ್ಮಿನ ದಿನಗಳಲ್ಲಿ ಹರಕೆ ಹೊತ್ತವರು ಹಿಂದೂ–ಮುಸ್ಲಿಂ ಭೇದವಿಲ್ಲದೆ ಫಕೀರರಾಗುತ್ತಾರೆ, ಭಿಕ್ಷೆ ಬೇಡುತ್ತಾರೆ, ಕೂಡಿ ಹೆಜ್ಜೆ ಹಾಕಿ ರಿವಾಯತ್ ಪದಗಳನ್ನು ಹಾಡುತ್ತಾರೆ. ವಿಕ್ಟರ್ ಟರ್ನರ್ 1969ರ ತನ್ನ ಗ್ರಂಥದಲ್ಲಿ ವಿವರಿಸಿದ, ಸ್ಥಾನಮಾನಗಳು ತಾತ್ಕಾಲಿಕವಾಗಿ ಕರಗುವ ಹೊಸ್ತಿಲ ಸ್ಥಿತಿಯಿದು. ದಾಸನ ಪಾತ್ರಾಂತರ ಶಾಶ್ವತ, ಆದರೆ ಕೆಲವರಿಗೆ ಮಾತ್ರ ಸಾಧ್ಯ; ಫಕೀರನದು ಕೆಲವು ದಿನಗಳದು, ಆದರೆ ಕೂಲಿಯವನಿಗೂ ತೆರೆದದ್ದು. ಹಬ್ಬ ಮುಗಿದ ಮರುದಿನ ಆಳು ಮತ್ತೆ ಆಳೇ ಆಗುತ್ತಾನೆಂಬುದು ಅದರ ಮಿತಿ.

ಇಂದು ರಾಯಚೂರು ನಗರದ ಬಡಾವಣೆಗಳಲ್ಲಿ ಮಹಿಳಾ ಭಜನಾ ಮಂಡಳಿಗಳು ದಾಸರ ಪದಗಳನ್ನು ಹಾಡುತ್ತಿವೆ. ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಸೇರುವ ಗೃಹಿಣಿಯರಿಗೆ ಆ ಒಂದೆರಡು ಗಂಟೆಗಳ ಮಟ್ಟಿಗೆ ತಾಳ ಹಿಡಿದ ಗಾಯಕಿಯ ಪಾತ್ರ ಲಭಿಸುತ್ತದೆ. ಐತಿಹ್ಯವು ಹೆಸರಿಸದೆ ಬಿಟ್ಟ ಅಡುಗೆಮನೆಯವರೇ ಇಂದು ಅದರ ಮುಖ್ಯ ವಾಹಕರಾಗಿದ್ದಾರೆ. ಆದ್ದರಿಂದ ದಾಸಕಥನಗಳ ಅಧ್ಯಯನವು ಪವಾಡದ ಸತ್ಯಾಸತ್ಯತೆಯ ಚರ್ಚೆಗಾಗಲಿ, ಕರ್ತೃವಿನ ಕಾಲನಿರ್ಣಯಕ್ಕಾಗಲಿ ಸೀಮಿತಗೊಳ್ಳಬಾರದು. ಪಂಕ್ತಿಯಲ್ಲಿ ಕುಳಿತವರ ಜೊತೆಗೆ ಬಡಿಸಿದವರ ನೆಮ್ಮದಿಯನ್ನೂ ವಿಚಾರಿಸಿದಾಗ ಮಾತ್ರ ಗೋಪಾಲದಾಸರ ರೊಟ್ಟಿಯ ಕಥೆ ಪೂರ್ಣವಾಗಿ ಅರ್ಥವಾದೀತು.