ಮುಖ ಆಮೇಲೆ, ಮೊದಲು ರಟ್ಟು

ಚಿಕಾಗೊದಲ್ಲೋ ಮಿನೆಸೋಟದಲ್ಲೋ ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಆಲ್ಬಮ್ ಕೆಳಗಿಳಿಯುತ್ತದೆ. ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಚಿತ್ರಗಳು. ಪೋಲೆಂಡಿನಿಂದಲೋ ನಾರ್ವೆಯಿಂದಲೋ ಹಡಗು ಹತ್ತಿ ಬಂದ ಮುತ್ತಜ್ಜ ಇದರಲ್ಲೇ ಎಲ್ಲೋ ಇರಬೇಕು, ಆದರೆ ಒಂದಕ್ಕೂ ಹೆಸರಿಲ್ಲ. ಎಲ್ಲರೂ ಮುಖ ನೋಡತೊಡಗುತ್ತಾರೆ: ‘ಮೂಗು ನೋಡು, ಥೇಟ್ ನಮ್ಮದೇ!’ ಮೂಗಿನಿಂದ ಹೊರಟವರು ಯಾರನ್ನು ಬೇಕಾದರೂ ಮುತ್ತಜ್ಜನ ಪಟ್ಟಕ್ಕೆ ಏರಿಸಬಲ್ಲರು.

ವಲಸಿಗನ ಸ್ಟುಡಿಯೊ ಚಿತ್ರ ನೆನಪಿಗೆಂದು ತೆಗೆಸಿದ್ದಲ್ಲ, ಊರಿಗೆ ಕಳಿಸಲೆಂದು ತೆಗೆಸಿದ್ದು. ‘ಚೆನ್ನಾಗಿದ್ದೇನೆ, ನೋಡಿ’ ಎಂದು ಹೇಳುವುದೇ ಅದರ ಕೆಲಸ. ಕೋಟು ಸ್ಟುಡಿಯೊದ್ದೇ ಇರಬಹುದು, ಗಡಿಯಾರದ ಸರಪಳಿಯ ತುದಿಯಲ್ಲಿ ಗಡಿಯಾರವೇ ಇಲ್ಲದಿರಬಹುದು. ನಮ್ಮ ಕಡೆಯ ಹಳೆಯ ಸ್ಟುಡಿಯೊಗಳ ಗೂಟದಲ್ಲೂ ಕೋಟು, ಟೈ ತೂಗುತ್ತಿದ್ದವಷ್ಟೆ. 1908ರಿಂದ 1920ರ ನಡುವೆ ಜಪಾನಿನ ಎಷ್ಟೋ ಹೆಣ್ಣುಮಕ್ಕಳು ಚಿತ್ರ ನೋಡಿಯೇ ಮದುವೆಗೆ ಒಪ್ಪಿ ಹವಾಯಿಗೂ ಅಮೆರಿಕಕ್ಕೂ ಹೋದರು. ಬಂದರಿನಲ್ಲಿ ಕಾದಿದ್ದ ಗಂಡ ಕೆಲವೊಮ್ಮೆ ಚಿತ್ರದಲ್ಲಿದ್ದವನಿಗಿಂತ ಬಹಳ ವಯಸ್ಸಾದವನಾಗಿದ್ದ. ಹಾಗಾಗಿ ಕುಳಿತವನು ತೋರಿಸಬೇಕೆಂದು ತೋರಿಸಿದ್ದನ್ನು ಸದ್ಯ ಪಕ್ಕಕ್ಕಿಡಿ. ಅವನ ಗಮನಕ್ಕೇ ಬಾರದೆ ಉಳಿದುಕೊಂಡದ್ದೇ ನಿಮ್ಮ ಸಾಕ್ಷಿ.

ಅಂಥದ್ದರಲ್ಲಿ ಮೊದಲನೆಯದು ರಟ್ಟು. ಅಂಗೈಯಲ್ಲಿ ಹಿಡಿಯುವ, ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ಚೀಟಿಯಾದರೆ ಅದು ಕಾರ್ತ್ ದ ವಿಸೀತ್. ಪ್ಯಾರಿಸ್ಸಿನ ಫೋಟೊಗ್ರಾಫರ್ ದಿಸ್ದೇರಿ 1854ರಲ್ಲಿ ಪೇಟೆಂಟ್ ಪಡೆದ ಅಳತೆ. ಅಮೆರಿಕದಲ್ಲಿ 1860ರ ದಶಕ ಅದರ ಸುಗ್ಗಿ. ನಾಲ್ಕೂಕಾಲು ಇಂಚಿಗೆ ಆರೂವರೆ ಇಂಚಿನ ದೊಡ್ಡದಾದರೆ ಕ್ಯಾಬಿನೆಟ್ ಕಾರ್ಡ್. ಅದು 1866ರ ಹೊತ್ತಿಗೆ ಬಂದು ಶತಮಾನ ತಿರುಗುವವರೆಗೆ ಮೆರೆಯಿತು. ತೆಳ್ಳಗೆ, ಬಿಳಿಚಿಕೊಂಡು, ಮೂಲೆ ಚೂಪಾಗಿದ್ದರೆ ಹಳೆಯ ರಟ್ಟು. ಮೂಲೆ ದುಂಡಾಗುವುದು, ರಟ್ಟು ದಪ್ಪವಾಗುವುದು, ಕಡುಗೆಂಪು ಅಥವಾ ಕಪ್ಪು ಮೈಗೆ ಚಿನ್ನದ ಅಕ್ಷರ ಬರುವುದು ಎಲ್ಲ ಆಮೇಲಿನ ಶೋಕಿ. ಬೆನ್ನಿನ ಮೇಲೆ ಪುಟ್ಟ ತೆರಿಗೆ ಚೀಟಿ ಅಂಟಿದ್ದರಂತೂ ಹಬ್ಬ. ಅಂತರ್ಯುದ್ಧದ ಖರ್ಚಿಗಾಗಿ ಅಮೆರಿಕ ಸರ್ಕಾರ 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾತ್ರ ಛಾಯಾಚಿತ್ರಕ್ಕೆ ಈ ತೆರಿಗೆ ಹಾಕಿತ್ತು. ಎರಡೇ ವರ್ಷದ ಕಿಂಡಿ! ಮುತ್ತಜ್ಜ ಬಂದದ್ದು 1880ರಲ್ಲಾದರೆ ಈ ಚಿತ್ರದಲ್ಲಿರುವುದು ಅವನಲ್ಲ. ಮೂಗು ಎಷ್ಟೇ ಹೋಲಲಿ.

ಆಮೇಲೆ ಸ್ಟುಡಿಯೊದ ವಿಳಾಸ. ಫೋಟೊಗ್ರಾಫರುಗಳು ಬಾಡಿಗೆ ಅಂಗಡಿ ಬದಲಿಸುತ್ತಲೇ ಇದ್ದರು. ಆ ಕಾಲದ ನಗರ ಡೈರೆಕ್ಟರಿಗಳನ್ನು ವರ್ಷವರ್ಷವೂ ತಿರುವಿದರೆ ಯಾವ ಬಾಗಿಲಿನಲ್ಲಿ ಯಾವಾಗ ಇದ್ದರೆಂದು ಸಿಗುತ್ತದೆ. ಚಿಕಾಗೊದಲ್ಲಿ ಒಂದು ಹಳ್ಳವಿದೆ, ಬೀಳಬೇಡಿ. 1909ರಲ್ಲಿ ಆ ನಗರ ತನ್ನ ಮನೆ ನಂಬರುಗಳನ್ನೇ ಬದಲಿಸಿತು. ಪೋಲಿಷರ ಬೀದಿಯೆಂದೇ ಹೆಸರಾದ ಮಿಲ್ವಾಕಿ ಅವೆನ್ಯೂವಿನ ಹಳೆಯ ನಂಬರನ್ನು ಇವತ್ತಿನ ನಕ್ಷೆಯಲ್ಲಿ ಹುಡುಕಿದರೆ ಬೇರೆಲ್ಲೋ ಹೋಗಿ ನಿಲ್ಲುತ್ತೀರಿ. ಯೂರೋಪಿನ ರಟ್ಟಾದರೆ ಊರಿನ ಹೆಸರೇ ಬದಲಾಗಿರಬಹುದು. ಬ್ರೆಸ್ಲೌ ಎಂದಿದ್ದರೆ ಅದು ಇಂದಿನ ವ್ರೋತ್ಸ್ವಾಫ್, ಲೆಂಬರ್ಗ್ ಎಂದಿದ್ದರೆ ಲ್ವಿವ್. ಅಲ್ಲಿಯ ಸ್ಟುಡಿಯೊಗಳು ವಸ್ತುಪ್ರದರ್ಶನಗಳಲ್ಲಿ ಗೆದ್ದ ಪದಕಗಳನ್ನು ರಟ್ಟಿನ ಬೆನ್ನಿಗೆ ಅಚ್ಚು ಹಾಕಿಸುತ್ತಿದ್ದವು. ಪದಕದ ಮೇಲಿನ ಇಸವಿಗಿಂತ ಆ ರಟ್ಟು ಹಳೆಯದಾಗಿರಲು ಸಾಧ್ಯವಿಲ್ಲ.

ಈಗ ಉಡುಪು ನೋಡಬಹುದು. ಹೆಂಗಸರ ತೋಳೇ ಒಳ್ಳೆಯ ಪಂಚಾಂಗ: 1880ರ ದಶಕದಲ್ಲಿ ಮೈಗಂಟಿದ ಬಿಗಿ ತೋಳು, 1890ರ ಆಸುಪಾಸಿನಲ್ಲಿ ಭುಜದ ಬಳಿ ಸಣ್ಣ ನಿರಿಗೆ, 1895ರ ಹೊತ್ತಿಗೆ ಭುಜಕ್ಕಿಂತ ದೊಡ್ಡ ಉಬ್ಬು, ಎರಡು ಮೂರು ವರ್ಷಗಳಲ್ಲಿ ಆ ಉಬ್ಬೂ ಇಳಿದುಹೋಯಿತು. ಗುಂಪಿನಲ್ಲಿ ಅಜ್ಜಿಯನ್ನು ಬಿಟ್ಟು ಮದುವೆಯ ವಯಸ್ಸಿನ ಹುಡುಗಿಯ ತೋಳು ನೋಡಿ. ಅಜ್ಜಿ ಇಪ್ಪತ್ತು ವರ್ಷ ಹಿಂದಿನ ರವಿಕೆಯಲ್ಲೇ ಸುಖವಾಗಿರುತ್ತಾಳೆ.

ಬಣ್ಣದ ವಿಷಯದಲ್ಲಿ ಮಾತ್ರ ಕಣ್ಣನ್ನು ನಂಬಬೇಡಿ. ಆ ಕಾಲದ ಫಲಕಗಳ ರಾಸಾಯನಿಕಕ್ಕೆ ನೀಲಿ ಚೆನ್ನಾಗಿ ಹಿಡಿಯುತ್ತಿತ್ತು, ಕೆಂಪು ಹೆಚ್ಚುಕಡಿಮೆ ಹಿಡಿಯುತ್ತಲೇ ಇರಲಿಲ್ಲ. ಹೀಗಾಗಿ ನೀಲಿ ಕಣ್ಣು ಬಿಳಿಚಿ ಕುರುಡುಗಣ್ಣಿನಂತೆ ಕಾಣುತ್ತದೆ, ಕೆಂಪು ಲಂಗ ಕಪ್ಪಾಗುತ್ತದೆ. ನಿಜವಾಗಿಯೂ ಕಪ್ಪೇ ಆಗಿದ್ದರೂ ‘ಸೂತಕ’ ಎಂದು ತೀರ್ಪು ಕೊಡಬೇಡಿ. ಜರ್ಮನಿ, ನಾರ್ವೆ, ಸ್ವೀಡನ್ನಿನ ಹಳ್ಳಿಗಳಲ್ಲಿ ಮದುಮಗಳೇ ಕಪ್ಪು ಉಡುತ್ತಿದ್ದಳು. ತಲೆಯ ಮೇಲೆ ಹೂವಿನ ದಂಡೆ ಇದೆಯೇ ನೋಡಿ.

ಅಯಸ್ಕಾಂತ ಹಿಡಿದರೆ ಅಂಟುವ ಚಿತ್ರ ಟಿನ್‌ಟೈಪ್. ಹೆಸರಿನಲ್ಲಿ ತವರ, ಮೈಯೆಲ್ಲ ಕಬ್ಬಿಣದ ತಗಡು. ಜಾತ್ರೆಗಳಲ್ಲಿ ಅಗ್ಗಕ್ಕೆ ತೆಗೆಯುತ್ತಿದ್ದ ಇದು ಎಡವನ್ನು ಬಲ ಮಾಡುತ್ತದೆ. ನಾರ್ವೆಯವರು ಮದುವೆಯುಂಗುರವನ್ನು ಬಲಗೈಗೆ ಹಾಕುವವರು. ಬಲಗೈಯಲ್ಲಿ ಉಂಗುರ ಕಂಡಿತೆಂದು ಕುಣಿಯುವ ಮುಂಚೆ ಗಂಡಸಿನ ಕೋಟು ಯಾವ ಕಡೆಗೆ ಮಡಚಿದೆ ಎಂದು ಪರೀಕ್ಷಿಸಿ.

ಬೆನ್ನ ಬರಹವೂ ಸುಳ್ಳು ಹೇಳುತ್ತದೆ. ಬಾಲ್‌ಪೆನ್ ಅಮೆರಿಕದ ಅಂಗಡಿಗೆ ಬಂದದ್ದೇ 1945ರಲ್ಲಿ; ಅದರಲ್ಲಿ ಬರೆದ ಹೆಸರು ಮೊಮ್ಮಕ್ಕಳ ಕಾಲದ ಊಹೆ. ‘ಅಜ್ಜಿಯ ಅಣ್ಣ’ ಎಂದು ಬರೆದಿದ್ದರೆ ಯಾರ ಅಜ್ಜಿ? ಬರೆದ ಕೈ ಯಾರದೆಂದು ತಿಳಿಯುವವರೆಗೆ ಆ ನಂಟಿಗೆ ಅರ್ಥವಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಕಹಿ ಮಾತು. ಮುತ್ತಜ್ಜನ ಆಲ್ಬಮ್ಮಿನಲ್ಲಿ ಮುತ್ತಜ್ಜ ಇರುವ ಸಂಭವ ನೀವು ಅಂದುಕೊಂಡಷ್ಟಿಲ್ಲ. ಅವನ ಚಿತ್ರ ಊರಿಗೆ ಹೋಯಿತು. ಆಲ್ಬಮ್ಮಿನಲ್ಲಿ ಉಳಿದವು ಊರಿನಿಂದ ಬಂದವು. ಲೆಂಬರ್ಗಿನ ರಟ್ಟಿನ ಮೇಲೆ ಕೈಕೋಲು ಹಿಡಿದು ಕುಳಿತ ಮುದುಕ ಅವನ ಅಪ್ಪನಿರಬಹುದು. ಅಮೆರಿಕದ ರಟ್ಟಿಗಾಗಿ ಊರಲ್ಲೇ ಉಳಿದ ದಾಯಾದಿಗಳ ಪೆಟ್ಟಿಗೆ ತೆರೆಸಬೇಕು. ಅದೂ ಆಗದಿದ್ದರೆ ಸರ್ಕಾರಿ ಕಡತಕ್ಕೆ ಹೋಗಿ. 1914ರ ಕೊನೆಯಿಂದ ಅಮೆರಿಕದ ಪಾಸ್‌ಪೋರ್ಟಿಗೆ, 1929ರ ಜುಲೈನಿಂದ ಪೌರತ್ವದ ಪ್ರಮಾಣಪತ್ರಕ್ಕೆ ಭಾವಚಿತ್ರ ಕಡ್ಡಾಯವಾಯಿತು. ಅಲ್ಲಿ ಹೆಸರಿನ ಸಮೇತ ಒಂದು ಮುಖ ಸಿಕ್ಕರೆ ಆಲ್ಬಮ್ಮಿನ ಮುಖಗಳ ಪಕ್ಕ ಇಡಿ. ಹೋಲಿಸಬೇಕಾದದ್ದು ಮೂಗಲ್ಲ, ಕಿವಿ: ಅದರ ಸುರುಳಿ, ಹಾಲೆ ಕೆನ್ನೆಗೆ ಸೇರುವ ರೀತಿ. ಮೀಸೆ ಬರುತ್ತದೆ ಹೋಗುತ್ತದೆ, ಕಿವಿ ಜೋತುಬೀಳಬಹುದು, ಮಡಿಕೆ ಬದಲಾಗುವುದು ಅಪರೂಪ. ಸಿಕ್ಕಿದ್ದನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡಿ, ಹೇಗೆ ಗೊತ್ತಾಯಿತು ಎಂಬುದನ್ನೂ ಸೇರಿಸಿ. ಬರಿಯ ಊಹೆಯಾದರೆ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.