‘ಮೊದಲು ಬ್ಯಾಟರಿ ಬದಲಿಸಿ ನೋಡೋಣ’

ಬೆಳಿಗ್ಗೆ ಸೆಲ್ಫ್ ಒತ್ತಿದರೆ ಬೈಕು ಟಕ್ ಟಕ್ ಎಂದು ಸುಮ್ಮನಾಗುತ್ತದೆ. ತಳ್ಳಿಕೊಂಡು ಗ್ಯಾರೇಜಿಗೆ ಹೋದರೆ ಸೀಟು ಬಿಚ್ಚುವ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ: “ಬ್ಯಾಟರಿ ಹೋಗಿದೆ ಸಾರ್, ಬದಲಿಸಿ ನೋಡೋಣ.” ಹೊಸದು ಕೂರಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗುತ್ತದೆ, ದುಡ್ಡು ಕೊಟ್ಟು ನಾವು ಮನೆಗೆ ಬರುತ್ತೇವೆ. ನನ್ನ ತಕರಾರು ಇಲ್ಲೇ ಇದೆ. ಚಾರ್ಜ್ ತುಂಬಿದ ಹೊಸ ಬ್ಯಾಟರಿ ಹಾಕಿದರೆ ಸಾಮಾನ್ಯವಾಗಿ ಗಾಡಿ ಸ್ಟಾರ್ಟ್ ಆಗಿಯೇ ಆಗುತ್ತದೆ. ಹಳೆಯದು ನಿಜಕ್ಕೂ ಕೆಟ್ಟಿತ್ತೇ, ಬರೀ ಖಾಲಿಯಾಗಿತ್ತೇ, ಖಾಲಿಯಾಗಿದ್ದರೆ ಯಾಕೆ ಎಂಬುದು ಅದರಿಂದ ಒಂದಿಷ್ಟೂ ತಿಳಿಯುವುದಿಲ್ಲ. ಚಾರ್ಜಿಂಗೇ ಕೈಕೊಟ್ಟಿದ್ದರೆ ಹೊಸ ಬ್ಯಾಟರಿ ತನ್ನ ಹೊಟ್ಟೆಯಲ್ಲಿದ್ದುದನ್ನು ಕರಗಿಸಿ ಮತ್ತದೇ ಟಕ್ ಟಕ್‌ಗೆ ಬಂದು ನಿಲ್ಲುತ್ತದೆ.

ಬ್ಯಾಟರಿಯನ್ನು ಮೊದಲು ಅನುಮಾನಿಸುವುದು ಸರಿಯೇ. ಪದೇ ಪದೇ ಸೆಲ್ಫ್ ಹೊಡೆದು ಎರಡೆರಡು ಕಿಲೋಮೀಟರ್ ಓಡಿಸುವ ಪೇಟೆಯ ಗಾಡಿಯಲ್ಲಿ ಸೀಸದ ಬ್ಯಾಟರಿ ಬೇಗ ಸೊರಗುತ್ತದೆ. ಅನುಭವಿ ಮೆಕ್ಯಾನಿಕ್ಕಿನ ಕಿವಿಯನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಸೆಲ್ಫ್ ಒತ್ತಿದಾಗ ಲೈಟು ಮಂಕಾಗಿ ರಿಲೇ ಪಟಪಟನೆ ಬಡಿದುಕೊಂಡರೆ ಕರೆಂಟು ಸಾಲುತ್ತಿಲ್ಲ ಎಂದರ್ಥ. ಲೈಟು ಚೆನ್ನಾಗಿ ಉರಿಯುತ್ತಲೇ ಇದ್ದು ಒಂದೇ ಸಲ ‘ಟಕ್’ ಎಂದರೆ ಸೆಲ್ಫ್ ಮೋಟಾರನ್ನೋ ರಿಲೇಯನ್ನೋ ನೋಡಬೇಕು. ಕಿವಿ ಇಷ್ಟನ್ನು ಹೇಳುತ್ತದೆ. ಮುಂದಿನದನ್ನು ಮೀಟರ್ ಹೇಳಬೇಕು.

ಅದಕ್ಕೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್, ಮೂರು ಅಳತೆ. ಪೂರ್ತಿ ಚಾರ್ಜ್ ಆಗಿ ಒಂದಿಷ್ಟು ಹೊತ್ತು ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12.2 ಇದ್ದರೆ ಅದು ಅರೆಹೊಟ್ಟೆಯಲ್ಲಿದೆ. ಚಾರ್ಜರಿಗೆ ಹಾಕದೆ ಸತ್ತಿದೆ ಎನ್ನುವಂತಿಲ್ಲ. ಒಳಗಿರುವುದು ಸುಮಾರು 2.1 ವೋಲ್ಟಿನ ಆರು ಸೆಲ್. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಸೆಲ್ ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು. ಎರಡನೆಯದು, ಸೆಲ್ಫ್ ಒತ್ತಿದಾಗಿನ ಅಳತೆ: ತುಂಬಿದ ಬ್ಯಾಟರಿಯೂ ಆಗ 9.5ಕ್ಕಿಂತ ಕೆಳಗೆ ಕುಸಿದರೆ ಅದರ ಕಸುವು ಮುಗಿದಿದೆ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಎಂಜಿನ್ ಓಡುತ್ತಿರುವಾಗ ಆಕ್ಸಲರೇಟರ್ ಏರಿಸಿ 5000 ಆರ್‌ಪಿಎಮ್ ಹತ್ತಿರ ಬ್ಯಾಟರಿಯ ಟರ್ಮಿನಲ್ಲಿನಲ್ಲೇ ಅಳೆದರೆ ಹೆಚ್ಚಿನ ಗಾಡಿಗಳಲ್ಲಿ 13.5ರಿಂದ 14.8ರೊಳಗೆ ಬರಬೇಕು. 12.5ರಲ್ಲೇ ಕೂತಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಬ್ಯಾಟರಿ ಬೇಯುತ್ತಿದೆ: ಪಕ್ಕಗಳು ಉಬ್ಬುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಂಥ ಗಾಡಿಗೆ ಬ್ಯಾಟರಿಯನ್ನಷ್ಟೇ ಬದಲಿಸುವುದೆಂದರೆ ಇನ್ನೊಂದನ್ನೂ ಬೇಯಲು ಕೊಟ್ಟಂತೆ.

ಚಾರ್ಜ್ ಬರುತ್ತಿಲ್ಲವೆಂದರೆ ಕಳ್ಳನನ್ನು ಹುಡುಕಲು ಒಳ್ಳೆಯ ಜಾಗ ಮ್ಯಾಗ್ನೆಟ್ ಕಾಯಿಲಿನಿಂದ ಆರ್‌ಆರ್ ಯೂನಿಟ್ಟಿಗೆ (ರೆಗ್ಯುಲೇಟರ್ ರೆಕ್ಟಿಫೈಯರ್) ಹೋಗುವ ಕಪ್ಲರ್. ತ್ರೀ ಫೇಸ್ ಗಾಡಿಗಳಲ್ಲಿ ಅಲ್ಲಿ ಒಂದೇ ಬಣ್ಣದ, ಸಾಮಾನ್ಯವಾಗಿ ಹಳದಿಯ, ಮೂರು ವೈರುಗಳಿರುತ್ತವೆ. ಎಷ್ಟೋ ಸಲ ಅದನ್ನು ಎಳೆದು ಬಿಡಿಸಿದರೆ ಸಾಕು: ಬಿಳಿ ಪ್ಲಾಸ್ಟಿಕ್ ಕಂದು ತಿರುಗಿದೆ, ಒಂದು ಪಿನ್ ಕಪ್ಪಾಗಿ ಸಡಿಲಗೊಂಡಿದೆ, ಮೂಗಿಗೆ ಸುಟ್ಟ ವಾಸನೆ. ಅಲ್ಲಿ ಎಲ್ಲ ಸರಿಯಿದ್ದರೆ ಕಪ್ಲರ್ ಬಿಚ್ಚಿಟ್ಟೇ ಎಂಜಿನ್ ಓಡಿಸಿ, ಎರಡೆರಡು ವೈರಿನ ನಡುವೆ ಎಸಿ ವೋಲ್ಟೇಜ್ ಅಳೆಯಬೇಕು. ಮೂರು ಜೋಡಿಯೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟು, ಎಂಜಿನ್ ವೇಗ ಏರಿದಂತೆ ತಾವೂ ಏರಬೇಕು. ಒಂದು ಜೋಡಿ ಹಿಂದುಳಿದರೆ ಕಾಯಿಲ್ ಹೋಗಿದೆ. ಎಂಜಿನ್ ಆಫ್ ಮಾಡಿ ನೋಡಿದಾಗ ಯಾವ ವೈರಾದರೂ ಬಾಡಿಗೆ ಅರ್ಥ್ ಆಗುತ್ತಿದ್ದರೂ ಅಷ್ಟೇ. ಮೂರೂ ಸಮನಾಗಿ ಬಂದು, ಆರ್‌ಆರ್‌ನಿಂದ ಬ್ಯಾಟರಿಗೆ ಹೋಗುವ ವೈರೂ ಫ್ಯೂಸೂ ಅರ್ಥೂ ನೆಟ್ಟಗಿದ್ದರೆ ಆಗ ಆರ್‌ಆರ್ ಯೂನಿಟ್ಟನ್ನು ದೂರಬಹುದು. ಆ ಹಂತಕ್ಕೆ ಬರುವ ಮೊದಲೇ ‘ಆರ್‌ಆರ್ ಹಾಕಿಬಿಡೋಣ’ ಎನ್ನುವುದು ‘ಬ್ಯಾಟರಿ ಹಾಕಿಬಿಡೋಣ’ ಎಂಬುದರ ತಮ್ಮ.

ನಾನು ಖಂಡಿಸಲೇಬೇಕಾದ ಇನ್ನೊಂದು ರೂಢಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು “ನೋಡಿ, ಆಫ್ ಆಗಲಿಲ್ಲ, ಚಾರ್ಜಿಂಗ್ ಚೆನ್ನಾಗಿದೆ” ಎನ್ನುವುದು. ಕಿಕ್ಕರ್, ಕಾರ್ಬ್ಯುರೇಟರ್ ಇದ್ದ ಎಷ್ಟೋ ಹಳೆಯ ಗಾಡಿಗಳು ಬ್ಯಾಟರಿಯೇ ಇಲ್ಲದೆ ಓಡುತ್ತಿದ್ದವು, ಆಗ ಇದು ನಡೆದುಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಪೆಟ್ರೋಲ್ ಪಂಪೂ ಎಂಜಿನ್ ನಿಯಂತ್ರಿಸುವ ಇಸಿಯುವೂ ಕೂತಿವೆ. ವೈರ್ ಕಿತ್ತ ಕ್ಷಣ ಏರುವ ವೋಲ್ಟೇಜು ಬ್ಯಾಟರಿಗಿಂತ ಎಷ್ಟೋ ದುಬಾರಿಯಾದ ಇಸಿಯುವನ್ನೇ ಸುಡಬಹುದು. ಹಳೆಯ ಬುಲೆಟ್ಟಿನ ಹೆಡ್‌ಲೈಟ್ ಮೇಲೆ ಆಂಪಿಯರ್ ಮೀಟರಿನ ಮುಳ್ಳೊಂದಿತ್ತು. ಚಾರ್ಜ್ ಒಳಗೆ ಹೋಗುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಸವಾರನಿಗೆ ಕಣ್ಣೆದುರೇ ಕಾಣುತ್ತಿತ್ತು. ಅಂಥ ಸರಳ ಒಳ್ಳೆಯ ಸೌಕರ್ಯವನ್ನು ಕೈಬಿಟ್ಟದ್ದು ನನಗೆ ಇಂದಿಗೂ ಬೇಸರ.

ಈಗ ಹೊರೆಯೂ ಹೆಚ್ಚಿದೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲೂ ಉರಿಯುತ್ತದೆ. ಅದರ ಮೇಲೆ ನಾವು ಫಾಗ್ ಲೈಟು, ಮೊಬೈಲ್ ಚಾರ್ಜರ್, ಜಿಪಿಎಸ್ ಟ್ರ್ಯಾಕರ್ ಸೇರಿಸುತ್ತೇವೆ. ಕೀ ಆಫ್ ಇದ್ದಾಗಲೂ 50 ಮಿಲಿ ಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 1.2 ಆಂಪಿಯರ್ ಅವರ್ ಹೋಯಿತು. 4 ಆಂಪಿಯರ್ ಅವರಿನ ಪುಟ್ಟ ಬ್ಯಾಟರಿ ನಾಲ್ಕನೆಯ ದಿನಕ್ಕೆ ಉಳಿಯದು. ನೆಗೆಟಿವ್ ವೈರ್ ಬಿಚ್ಚಿ ನಡುವೆ ಮೀಟರ್ ಸೇರಿಸಿದರೆ ಸೋರಿಕೆ ಕಾಣುತ್ತದೆ. ಆಗ ಮಾತ್ರ ಸೆಲ್ಫ್ ಒತ್ತಬಾರದು, ಮೀಟರಿನ ಫ್ಯೂಸ್ ಹಾರುತ್ತದೆ.

ಇಷ್ಟು ಗೊತ್ತಿದ್ದೂ ಮೆಕ್ಯಾನಿಕ್ ಯಾಕೆ ಅಳೆಯುವುದಿಲ್ಲ? ಅಳತೆಗೆ ನಾವು ದುಡ್ಡು ಕೊಡುವುದಿಲ್ಲ. ಸಾಮಾನಿನ ಬೆಲೆಯನ್ನು ಒಪ್ಪುತ್ತೇವೆ, ‘ಚೆಕಿಂಗ್’ ಎಂದು ಬಿಲ್ಲಿನಲ್ಲಿ ನೂರಿನ್ನೂರು ಬರೆದರೆ ಜಗಳಕ್ಕೆ ನಿಲ್ಲುತ್ತೇವೆ. ಬ್ಯಾಟರಿ ಮಾರಿದರೆ ಅವನಿಗೆ ಕಮಿಷನ್ ಇದೆ, ಎಕ್ಸ್‌ಚೇಂಜಿನಲ್ಲಿ ಬಂದ ಹಳೆಯದರ ಸೀಸಕ್ಕೂ ಬೆಲೆ ಇದೆ. ಅರ್ಧ ಗಂಟೆ ಕೂತು ಸಡಿಲ ಪಿನ್ ಹುಡುಕಿ ಬಿಗಿ ಮಾಡಿದರೆ ಚಹಾದ ಕಾಸು. ಹಾಗಾಗಿ ತಪ್ಪಿನಲ್ಲಿ ನಮ್ಮ ಪಾಲು ದೊಡ್ಡದು. ಮೂರು ಅಳತೆಗಳನ್ನು ಬಿಲ್ಲಿನ ಹಿಂದೆ ಬರೆದುಕೊಡಿ ಎಂದು ಕೇಳಿ, ಅದರ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡುವ ಗಿರಾಕಿಗಳು ಹೆಚ್ಚಿದರೆ ಗ್ಯಾರೇಜಿನಲ್ಲಿ ಸ್ಪ್ಯಾನರಿನ ಪಕ್ಕ ಮೀಟರೂ ಬಂದು ಕೂರುತ್ತದೆ.