ಇಪ್ಪತ್ತು ಗ್ರಾಂ ಸೌದೆ

ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 314 ಕಿಲೋಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಸೌದೆಯ ಕಿಲೋ ಒಂದರಲ್ಲಿ ಸುಮಾರು 16 ಸಾವಿರ ಕಿಲೋಜೂಲ್ ಇರುತ್ತದೆ. ಲೆಕ್ಕದ ಪ್ರಕಾರ 20 ಗ್ರಾಂ ಸಾಕು: ಹೆಬ್ಬೆರಳು ದಪ್ಪದ, ಗೇಣಿಗಿಂತ ಗಿಡ್ಡನೆಯ ಒಂದೇ ತುಂಡು. ನಮ್ಮಜ್ಜಿ ಮೂರು ಕಲ್ಲಿನ ಒಲೆಗೆ ಅದರ ಹತ್ತು ಪಟ್ಟು ಒಟ್ಟುತ್ತಿದ್ದಳು, ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತ. ಉಳಿದ ಶಾಖ ಎಲ್ಲಿ ಹೋಯಿತು? ಶಾಖ ವರ್ಗಾವಣೆಯ ಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಪ್ರಶ್ನೆಗಳಿಗೆ ಮಣೆ ಹಾಕಿದವರು ಪ್ರೊ. ಎ.ಕೆ.ಎನ್. ರೆಡ್ಡಿ. ಅವರದು ವಿದ್ಯುತ್ ರಸಾಯನಶಾಸ್ತ್ರ. ಅದೇ ಶಾಸ್ತ್ರದ ವಿಜ್ಞಾನಿ ಬೋಕ್ರಿಸ್ ಜೊತೆ ಬರೆದ ಪಠ್ಯಪುಸ್ತಕ ಹೊರದೇಶಗಳಲ್ಲೂ ಹೆಸರು ಮಾಡಿತ್ತು. ಅದೇ ದಾರಿಯಲ್ಲಿ ನಡೆದಿದ್ದರೆ ಸುಖವಾಗಿರುತ್ತಿದ್ದರು. ಆದರೆ 1974ರಲ್ಲಿ ಅವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ತಂಡ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ, ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದಾಗ ಸಿಂಹಪಾಲು ಸೌದೆಯದೇ ಆಗಿತ್ತು, ಅದರಲ್ಲೂ ಅಡುಗೆಯ ಸೌದೆ.

ಆ ತಂಡದಿಂದ ಬಂದದ್ದು ಅಸ್ತ್ರ ಒಲೆ. ಮಣ್ಣಿನ ಮೈ, ಒಳಗೊಂದು ಜಾಲರಿ, ಮೇಲೆ ಮೂರು ಪಾತ್ರೆಗಳಿಗೆ ಮೂರು ಕುಳಿ, ಕೊನೆಯಲ್ಲಿ ಹೊಗೆ ಕೊಳವೆ. ಬಗ್ಗಿ ನೋಡಿದರೆ ಜಾಣ್ಮೆ ಕಾಣುತ್ತದೆ. ತೆರೆದ ಒಲೆಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ನುಗ್ಗಿ ಬಿಸಿಯನ್ನೆಲ್ಲ ಹೊತ್ತೊಯ್ಯುತ್ತದೆ. ಇಲ್ಲಿ ಗಾಳಿ ಜಾಲರಿಯ ಕೆಳಗಿನಿಂದ ಹದವಾಗಿ ಬರುತ್ತದೆ. ಮೊದಲ ಪಾತ್ರೆಗೆ ಉರಿ, ಕೆಂಡಗಳ ಝಳ ನೇರ ತಾಗುತ್ತದೆ. ಅಲ್ಲಿಂದ ಹೊರಟ ಬಿಸಿ ಅನಿಲ ಉಳಿದೆರಡರ ತಳ ಸವರಿಕೊಂಡೇ ಕೊಳವೆ ಹತ್ತಬೇಕು. ಆ ಸಂದು ಕಿರಿದಾದಷ್ಟೂ ಶಾಖ ಚೆನ್ನಾಗಿ ದಾಟುತ್ತದೆ, ತೀರ ಕಿರಿದಾದರೆ ಹೊಗೆ ಅಡುಗೆಮನೆಗೇ ತಿರುಗುತ್ತದೆ. ಪಾತ್ರೆ ಕುಳಿಯಲ್ಲಿ ಕಚ್ಚಿ ಕೂರಬೇಕಾದ್ದರಿಂದ ಒಲೆ ಕಟ್ಟುವವರು ಮೊದಲು ಆ ಮನೆಯ ಪಾತ್ರೆಗಳನ್ನು ಅಳೆಯಬೇಕು. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ 40ರ ಆಸುಪಾಸು. ಅಜ್ಜಿಯ 200 ಗ್ರಾಂ ಇಲ್ಲಿ 50ಕ್ಕೆ ಇಳಿಯುತ್ತದೆ.

ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಪ್ರಾಧ್ಯಾಪಕರೊಬ್ಬರ ಬದುಕನ್ನು ಪ್ರಬಂಧಗಳ ಎಣಿಕೆಯಲ್ಲಿ ತೂಗುವವರು ಈ ಮಣ್ಣಿನ ಒಲೆಯನ್ನೂ ತಕ್ಕಡಿಗೆ ಹಾಕಲಿ ಎಂಬುದು ನನ್ನ ಹಟ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ, ಊರಿಗೆ ಹೋದಾಗ ಬಚ್ಚಲ ಹಂಡೆಯ ಮುಂದೆ ಒಂದು ಗಂಟೆ ಕೂರಿ. ಸೌದೆ ತೂಗಿ, ನೀರು ಅಳೆಯಿರಿ, ಥರ್ಮಾಮೀಟರ್ ಇಳಿಬಿಡಿ. ಬಂದ ಅಂಕಿಯನ್ನು ನನಗೆ ಬರೆದು ಕಳಿಸಿ.